ಹುಬ್ಬೆ ಮಳೆಯ ಅತಿಥಿಗಳು

ಗಣಪತಿಯನ್ನು ಕೆರೆಗೆ ಕಳುಹಿಸಿ ಮಹಾಲಯವನ್ನು ಎದುರು ನೋಡುವ ದಿನಗಳಲ್ಲಿ ಮಳೆಗಾಲ ಇನ್ನೂ ಮುಗಿದಿರುವುದಿಲ್ಲ. ಹುಬ್ಬೆ ಮಳೆಯ ಕೊನೆಯ ಹನಿಗಳು ಬೀಳುತ್ತಿರುತ್ತವೆ. ಉತ್ತರೆ ಇನ್ನೇನು ಕಾಲಿಡಬೇಕು. ಈ ಸಂಧಿಕಾಲದಲ್ಲಿ ಹಾನಗಲ್ಲು ಸೀಮೆಯ ಹಳ್ಳದ ದಂಡೆಯಲ್ಲಿ, ಇಲ್ಲವೆ ಕೆರೆಯ ಕೋಡಿಯ ಕಲ್ಲುಗಳ ನಡುವೆ, ಗುಬ್ಬಿಗಿಂತ ತುಸು ಉದ್ದವಾದ ಹಕ್ಕಿಯೊಂದು ಓಡಾಡುವುದನ್ನು ಕಾಣಬಹುದು. ಬೆನ್ನು ಬೂದು, ಹೊಟ್ಟೆ ಹಳದಿ, ಬಾಲ ಬಲು ಉದ್ದ. ಆ ಬಾಲವನ್ನು ಒಂದು ಕ್ಷಣವೂ ಬಿಡದೆ ಮೇಲೆ ಕೆಳಗೆ ಆಡಿಸುತ್ತ ಅದು ನೀರಂಚಿನ ಹುಳುಗಳನ್ನು ಹೆಕ್ಕುತ್ತಿರುತ್ತದೆ. ಇದರ ಹೆಸರು ಬೂದು ಸಿಪಿಲೆ. ನಿನ್ನೆ ಇಲ್ಲದ ಈ ಹಕ್ಕಿ ಇಂದು ಇದೆ ಎಂಬುದನ್ನು ಗಮನಿಸುವವರು ವಿರಳ. ೨೦ ಗ್ರಾಮಿಗೂ ಕಡಿಮೆ ತೂಗುವ ಈ ಜೀವ ಹಿಮಾಲಯದ, ಅಥವಾ ಅದಕ್ಕೂ ಆಚೆಯ, ತೊರೆಗಳ ಬಳಿ ಮರಿಮಾಡಿ ಇಲ್ಲಿಯವರೆಗೆ ಹಾರಿ ಬಂದಿದೆ ಎಂದರೆ ನಂಬುವವರು ಇನ್ನೂ ವಿರಳ.

ವಲಸೆ ಹಕ್ಕಿ ಎಂದೊಡನೆ ಸಾಮಾನ್ಯವಾಗಿ ಮನಸ್ಸಿಗೆ ಬರುವ ಚಿತ್ರ ಬೇರೆ. ಸಂಕ್ರಾಂತಿಯ ಸುಮಾರಿನ ಚಳಿ, ತುಂಬಿದ ಕೆರೆ, ಅದರ ಮೇಲೆ ಸಾವಿರಾರು ಹೆಬ್ಬಾತುಗಳು, ದಂಡೆಯ ಮೇಲೆ ನೋಡಲು ನೆರೆದ ಜನ. ಆ ಚಿತ್ರ ನಿಜವೇ. ಆದರೆ ಅದು ಉತ್ಸವದ ತೇರು ಬೀದಿಗೆ ಬಂದ ಮೇಲಿನ ನೋಟ. ತೇರಿಗೆ ಮೊದಲು ಬಂದು ಮೂಲೆಯಲ್ಲಿ ಇಳಿದುಕೊಂಡವರು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.

ಬೇಗ ಬರುವವರ ಗುಟ್ಟು

ಮೊದಲ ಹಕ್ಕಿಗಳು ಆಗಸ್ಟ್ ತಿಂಗಳಲ್ಲಿಯೇ ಇಲ್ಲಿಗೆ ಬಂದಿರುತ್ತವೆ. ನೆಲ ಹಸಿರಾಗಿರುವಾಗ, ಚಳಿಯ ಸುಳಿವೂ ಇಲ್ಲದಿರುವಾಗ ಇವೇಕೆ ಹೊರಟು ಬಂದವು ಎಂಬ ಪ್ರಶ್ನೆ ಸಹಜ. ಉತ್ತರವಿರುವುದು ಅವುಗಳ ತವರಿನಲ್ಲಿ. ಸೈಬೀರಿಯದ ಜವುಗು ಕಾಡುಗಳಲ್ಲಿ ಬೇಸಿಗೆ ಎಂಬುದು ಕೆಲವೇ ವಾರಗಳ ಸಂಭ್ರಮ. ಮೇ ತಿಂಗಳಲ್ಲಿ ಹಿಮ ಕರಗಿದೊಡನೆ ಹಕ್ಕಿಗಳು ಗೂಡು ಹೂಡುತ್ತವೆ. ಜೂನ್ ಜುಲೈಗಳಲ್ಲಿ ಮರಿಗಳ ಪಾಲನೆ ಮುಗಿಯುತ್ತದೆ. ಮುಂದೆ ಅಲ್ಲಿ ಕುಳಿತಿರಲು ಕಾರಣವಿಲ್ಲ. ಹಗಲು ಗಿಡ್ಡವಾಗತೊಡಗಿದ್ದನ್ನು ಅವುಗಳ ದೇಹ ಗುರುತಿಸುತ್ತದೆ. ಹಸಿವು ಹೆಚ್ಚುತ್ತದೆ, ಚರ್ಮದಡಿಯಲ್ಲಿ ಕೊಬ್ಬು ಸೇರುತ್ತದೆ, ಇರುಳಾದೊಡನೆ ನೆಲದ ಮೇಲೆ ನಿಲ್ಲಲಾಗದ ಚಡಪಡಿಕೆ ಮೂಡುತ್ತದೆ. ಚಳಿ ಬಂದು ಓಡಿಸುವವರೆಗೆ ಕಾಯುವ ಹಕ್ಕಿ ದಾರಿಯಲ್ಲೇ ಉಳಿದುಬಿಡುತ್ತದೆ.

ಭತ್ತದ ಗದ್ದೆಯ ಬದುವಿನಲ್ಲಿ, ಹೊಂಡದ ಅಂಚಿನಲ್ಲಿ ಒಂಟಿಯಾಗಿ ನಿಂತು, ಮನುಷ್ಯ ಹತ್ತಿರ ಬಂದೊಡನೆ ಕೀರಲು ದನಿ ಮಾಡಿ ಚಿಮ್ಮಿ ಹಾರುವ ಗದ್ದೆಗೊರವ ಇಂತಹ ಅವಸರದ ಪ್ರಯಾಣಿಕ. ಇದರಲ್ಲಿ ಹಲವು ಬಗೆಗಳುಂಟು. ಹಾರುವಾಗ ಬೆನ್ನಿನ ಕೆಳಭಾಗದಲ್ಲಿ ಬಿಳಿಯ ಮಚ್ಚೆ ಹೊಳೆದು, ರೆಕ್ಕೆಯ ಅಡಿಭಾಗ ಕಪ್ಪಾಗಿ ಕಂಡರೆ ಅದು ಹಸಿರು ಗದ್ದೆಗೊರವ. ಕೆಸರಿನಲ್ಲಿ ಬದುಕುವ ಈ ಹಕ್ಕಿ ತವರಿನಲ್ಲಿ ಮೊಟ್ಟೆಯಿಡುವುದು ಮರದ ಮೇಲೆ. ಅದೂ ಬೇರೆ ಹಕ್ಕಿಗಳು ಬಿಟ್ಟುಹೋದ ಹಳೆಯ ಗೂಡುಗಳಲ್ಲಿ. ಮರಿಗಳನ್ನು ಗಂಡಿನ ವಶಕ್ಕೆ ಒಪ್ಪಿಸಿ ಹೆಣ್ಣು ಮೊದಲು ಹೊರಟುಬಿಡುವುದೂ ಉಂಟು. ಗಂಡು ಅನಂತರ. ಮರಿಗಳು ಎಲ್ಲರಿಗೂ ಕೊನೆಯಲ್ಲಿ, ಹಿರಿಯರ ಜೊತೆಯಿಲ್ಲದೆ, ಹಿಂದೆಂದೂ ಕಾಣದ ದೇಶಕ್ಕೆ ಹೊರಡುತ್ತವೆ. ದಿಕ್ಕಿನ ತಿಳಿವು ಅವುಗಳಿಗೆ ಹುಟ್ಟಿನಿಂದಲೇ ಬಂದದ್ದು; ನಕ್ಷತ್ರಗಳು, ಸೂರ್ಯ, ಭೂಮಿಯ ಕಾಂತಶಕ್ತಿ ಇವು ಅದಕ್ಕೆ ಒದಗುವ ಸಹಾಯಕರು.

ಕಾಲಿಗೆ ಉಂಗುರ ತೊಡಿಸಿ ನಡೆಸಿದ ಅಧ್ಯಯನಗಳಿಂದ ತಿಳಿದುಬಂದ ಇನ್ನೊಂದು ಸಂಗತಿ ಮನಸ್ಸನ್ನು ಮುಟ್ಟುವಂಥದು. ಬದುಕುಳಿದ ಹಕ್ಕಿ ಎಷ್ಟೋ ಸಲ ಮರುವರ್ಷ ಅದೇ ಊರಿಗೆ, ಅದೇ ಅಂಗಳಕ್ಕೆ ಮರಳುತ್ತದೆ. ಹಾಗಾಗಿ ಪ್ರತಿ ವರ್ಷವೂ ಒಂದೇ ಕೋಡಿಯ ಬಳಿ ಕಾಣುವ ಸಿಪಿಲೆ ಬೇರೆ ಬೇರೆ ಹಕ್ಕಿಯಾಗಿರಬೇಕೆಂದೇನೂ ಇಲ್ಲ.

ನಾಲ್ಕು ತಾಲೂಕು, ನಾಲ್ಕು ನೆಲೆ

ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳು ಮಲೆನಾಡಿನ ಸೆರಗಿನಿಂದ ಬಯಲುಸೀಮೆಯ ಎರೆಭೂಮಿಯವರೆಗೆ ಹಬ್ಬಿವೆ. ಪಡುವಣದಿಂದ ಮೂಡಣಕ್ಕೆ ಹೋದಂತೆ ಮಳೆ ಕಡಿಮೆಯಾಗುತ್ತದೆ, ಬೆಳೆ ಬದಲಾಗುತ್ತದೆ, ಹಕ್ಕಿಯೂ ಬದಲಾಗುತ್ತದೆ. ಅರ್ಧ ದಿನದ ಬಸ್ಸಿನ ಪ್ರಯಾಣದಲ್ಲಿ ಎರಡು ಲೋಕಗಳನ್ನು ನೋಡಿ ಬರಬಹುದಾದ ಸೀಮೆ ಇದು.

ಶಾಸನಗಳಲ್ಲಿ ಪಾನುಂಗಲ್ ಎಂದು ಹೆಸರಾದ ಹಾನಗಲ್ಲು ಮೊದಲಿನಿಂದಲೂ ಕೆರೆಗಳ ನಾಡು. ಧರ್ಮಾ ನದಿಯ ನಾಲೆ ಇಲ್ಲಿಯ ಕೆರೆಗಳಿಗೆ ನೀರೂಡುತ್ತದೆ. ಕೆರೆಗಳು ಗದ್ದೆಗಳಿಗೆ ಊಡುತ್ತವೆ. ಭಾದ್ರಪದದಲ್ಲಿ ಕೆರೆ ತುಂಬಿದ್ದರೆ ಗದ್ದೆಗೊರವಕ್ಕೆ ಅಲ್ಲಿ ಕೆಲಸವಿಲ್ಲ. ಅದರ ಕಾಲು ಗಿಡ್ಡ. ಬೆರಳುದ್ದದ ನೀರಿಗಿಂತ ಆಳಕ್ಕೆ ಅದು ಇಳಿಯಲಾರದು. ಆದ್ದರಿಂದ ಮೊದಲು ಬಂದ ಹಕ್ಕಿಗಳನ್ನು ಹುಡುಕಬೇಕಾದುದು ಕೆರೆಯ ನಡುವಿನಲ್ಲಲ್ಲ, ಗದ್ದೆಯ ಬದುವಿನಲ್ಲಿ, ಕಾಲುವೆಯ ಸೋರಿಕೆಯಲ್ಲಿ, ದನ ತುಳಿದ ಕೆಸರಿನಲ್ಲಿ. ಈ ತಾಲೂಕಿನ ಅಡಕೆ ತೋಟಗಳ ನೆರಳಿನಲ್ಲಿ ಇನ್ನೊಬ್ಬ ಅತಿಥಿಗಾಗಿ ಕಣ್ಣಿಡಬಹುದು. ಅದು ಕಾಡು ಸಿಪಿಲೆ. ಪೂರ್ವ ಸೈಬೀರಿಯ, ಕೊರಿಯ, ಉತ್ತರ ಚೀನಗಳಲ್ಲಿ ಮರಿಮಾಡಿ ಪಶ್ಚಿಮಘಟ್ಟದ ತಪ್ಪಲಿಗೂ ಸಿಂಹಳಕ್ಕೂ ಬರುವ ಹಕ್ಕಿ. ಎದೆಯ ಮೇಲೆ ಎರಡು ಕಪ್ಪು ಪಟ್ಟಿ. ಬೇರೆಲ್ಲ ಸಿಪಿಲೆಗಳು ಬಾಲವನ್ನು ಮೇಲೆ ಕೆಳಗೆ ಆಡಿಸಿದರೆ ಇದೊಂದು ಮಾತ್ರ ಅಡ್ಡಡ್ಡವಾಗಿ ತೂಗುತ್ತದೆ. ಎಲೆಗಳ ಮರೆಯಲ್ಲಿ ಸದ್ದಿಲ್ಲದೆ ನಡೆಯುವ ಇದನ್ನು ಕಂಡವರು ಕಡಿಮೆ. ಕಂಡರೆ ಅದು ಬರೆದಿಡತಕ್ಕ ಸುದ್ದಿ.

ಶಿಗ್ಗಾವಿ ತಾಲೂಕಿನ ಬಂಕಾಪುರದ ಕೋಟೆ ನವಿಲುಗಳಿಗೆ ಹೆಸರಾದುದು. ೨೦೦೬ರಲ್ಲಿ ಅದನ್ನು ನವಿಲುಧಾಮವೆಂದು ಘೋಷಿಸಲಾಯಿತು. ನವಿಲು ವಲಸೆಯ ಹಕ್ಕಿಯಲ್ಲ. ಆದರೆ ಅತಿಥಿಗಳು ಬಂದಿಳಿಯುವ ಈ ದಿನಗಳಲ್ಲಿಯೇ ಮನೆಯ ಯಜಮಾನ ತನ್ನ ಮಳೆಗಾಲದ ವೈಭವವನ್ನು ಕಳಚಿಡುತ್ತಾನೆ. ಗಂಡು ನವಿಲಿನ ಉದ್ದನೆಯ ಗರಿಗಳು ಉದುರುವುದು ಮಳೆ ಹಿಂದೆಗೆಯುವ ಈ ಹೊತ್ತಿನಲ್ಲಿಯೇ. ಶಿಗ್ಗಾವಿಯಿಂದ ಪಡುವಣಕ್ಕೆ, ಉತ್ತರಕನ್ನಡದ ಮುಂಡಗೋಡ ತಾಲೂಕಿನಲ್ಲಿ, ಅತ್ತಿವೇರಿ ಪಕ್ಷಿಧಾಮವಿದೆ. ಅಲ್ಲಿಯ ಬಿಳಿ ಕೆಂಬರಲು, ಚಮಚದ ಕೊಕ್ಕು, ನೀರುಕಾಗೆಗಳೂ ಈ ಕಡೆಯ ಕೆರೆಗಳಿಗೆ ಬಂದು ಹೋಗುತ್ತವೆ. ಇವೆಲ್ಲ ಸ್ವದೇಶದ ಸಂಚಾರಿಗಳು; ದೂರದ ಅತಿಥಿಗಳೊಂದಿಗೆ ಇವನ್ನು ಬೆರೆಸಬಾರದು.

ಸವಣೂರು ಎಂದರೆ ವೀಳ್ಯದೆಲೆ, ನವಾಬರು, ಮೋತಿ ತಲಾಬ್; ಜೊತೆಗೆ ಕಲ್ಮಠದ ದೊಡ್ಡ ಹುಣಸೆ ಮರಗಳು. ಆಫ್ರಿಕ ಮೂಲದ ಆ ದೈತ್ಯ ಮರಗಳು ಮೂರಿದ್ದವು. ೨೦೨೩ರಲ್ಲಿ ಒಂದು ನೆಲಕ್ಕುರುಳಿತು. ಆಫ್ರಿಕದಿಂದ ಬಂದ ಮರವಿರುವ ಈ ಊರಿನ ಮೇಲೆ ಆಫ್ರಿಕಕ್ಕೆ ಹೊರಟ ಹಕ್ಕಿಯೂ ಹಾದುಹೋಗಬಹುದು. ಅದು ಯುರೋಪಿನ ನೀಲಕಂಠ. ಕಾಶ್ಮೀರ ಮತ್ತು ಮಧ್ಯ ಏಷ್ಯದ ಕಡೆ ಮರಿಮಾಡುವ ಈ ಹಕ್ಕಿ ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ಪಶ್ಚಿಮ ಭಾರತವನ್ನು ದಾಟಿ ಆಫ್ರಿಕಕ್ಕೆ ಹೋಗುತ್ತದೆ. ಗುಜರಾತು, ರಾಜಸ್ಥಾನಗಳಲ್ಲಿ ಅದು ಪರಿಚಿತ, ಕರ್ನಾಟಕದಲ್ಲಿ ಅಪರೂಪ. ವಿಜಯದಶಮಿಯಂದು ದರ್ಶನವಾದರೆ ಶುಭವೆಂದು ಹಲವೆಡೆ ನಂಬುವ ನಮ್ಮ ನಾಡಿನ ನೀಲಕಂಠದ ಎದೆ ಕಂದು ಮಿಶ್ರಿತ. ಬಂದು ಹೋಗುವ ನೀಲಕಂಠದ ತಲೆ ಎದೆಗಳು ಅಚ್ಚ ತಿಳಿನೀಲಿ, ಬೆನ್ನು ಇಟ್ಟಿಗೆಯ ಬಣ್ಣ. ವಿದ್ಯುತ್ ತಂತಿಯ ಮೇಲೆ ಕುಳಿತ ನೀಲಕಂಠವನ್ನು ‘ಅದೇ ಹಕ್ಕಿ’ ಎಂದು ಬಿಟ್ಟುಬಿಡದೆ ಎದೆಯನ್ನೊಮ್ಮೆ ನೋಡಿದರೆ, ನೂರರಲ್ಲಿ ಒಂದು ಸಲ ಆಶ್ಚರ್ಯ ಕಾದಿರಬಹುದು.

ಹಿರೇಕೆರೂರು ಸೀಮೆಯ ಹೆಸರಿನಲ್ಲಿಯೇ ಕೆರೆಯಿದೆ. ಕುಮುದ್ವತಿಗೆ ಗುಡ್ಡಗಳ ನಡುವೆ ಅಡ್ಡಗಟ್ಟಿದ ಮದಗ-ಮಾಸೂರಿನ ಕೆರೆ ವಿಜಯನಗರ ಕಾಲದ ಹಿರಿಯ ಕೆಲಸ. ಆಳವಾದ ನೀರು ಬಾತುಗಳಿಗೆ. ನೀರು ಇಳಿದಂತೆಲ್ಲ ಹೊರಬೀಳುವ ಕೆಸರಿನ ಅಂಚು ಗೊರವಗಳಿಗೆ. ಸುತ್ತಲಿನ ತಂತಿಗಳ ಮೇಲೆ ಸಾಲಾಗಿ ಕುಳಿತು, ಸಂಜೆಯ ಹೊತ್ತು ನೀರಿನ ಮೇಲೆ ತೇಲಾಡುವ ಅಂಬರಗುಬ್ಬಿಗಳಲ್ಲಿ ಉತ್ತರದಿಂದ ಬಂದವುಗಳ ಗಂಟಲು ಕೆಂಗಂದು, ಬಾಲ ಕವಲು. ಹೊಲಗಳಲ್ಲಿ ಇನ್ನೊಂದು ಗುಂಪು ಕಾಣಸಿಗುತ್ತದೆ: ಗುಲಾಬಿ ಕಬ್ಬಕ್ಕಿ. ಕಜಾಕಸ್ತಾನದಂತಹ ಹುಲ್ಲುಬಯಲುಗಳಲ್ಲಿ ಮಿಡತೆಗಳನ್ನು ತಿಂದು ಮರಿಗಳನ್ನು ಸಾಕಿ, ಆಗಸ್ಟಿನಷ್ಟು ಬೇಗ ಇವು ಭಾರತಕ್ಕೆ ಮರಳುತ್ತವೆ. ಮೊದಲು ಬಂದ ಗುಂಪಿನಲ್ಲಿ ಗುಲಾಬಿ ಬಣ್ಣವನ್ನು ಹುಡುಕಿ ನಿರಾಶರಾಗುವವರುಂಟು. ಆ ವರ್ಷದ ಮರಿಗಳ ಮೈ ಮಾಸಲು ಕಂದು, ಕೊಕ್ಕು ಹಳದಿ. ಬಣ್ಣ ತಿರುಗಲು ತಿಂಗಳುಗಳು ಬೇಕು.

ಗಡಿಯಲ್ಲಿ ನಿಂತ ಲೆಕ್ಕ

ಇಷ್ಟು ವೈವಿಧ್ಯವುಳ್ಳ ಸೀಮೆಯ ಹಕ್ಕಿಗಳ ಬಗೆಗೆ ಹಳೆಯ ದಾಖಲೆಗಳು ತೀರ ತೆಳು. ಇದಕ್ಕೆ ಕಾರಣ ಹಕ್ಕಿಗಳದಲ್ಲ, ಮನುಷ್ಯರು ಎಳೆದ ಗೆರೆಗಳದು. ೧೮೮೧ರಲ್ಲಿ ಬಟ್ಲರ್ ಎಂಬ ಸೈನ್ಯಾಧಿಕಾರಿ ದಖ್ಖನ್ ಮತ್ತು ದಕ್ಷಿಣ ಮರಾಠಾ ಪ್ರಾಂತದ ಪಕ್ಷಿಗಳ ಪಟ್ಟಿಯೊಂದನ್ನು ಪ್ರಕಟಿಸಿದ. ವಿಶಾಲ ಪ್ರದೇಶದ ಪಟ್ಟಿ ಅದು. ಒಂದೊಂದು ತಾಲೂಕಿನ ವಿವರಕ್ಕೆ ಅದರಲ್ಲಿ ಎಡೆಯಿಲ್ಲ. ಸಲೀಂ ಅಲಿಯವರು ೧೯೩೯-೪೦ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ ಕೈಗೊಂಡರು. ಸೊರಬ ಶಿಕಾರಿಪುರಗಳು ಸಂಸ್ಥಾನದೊಳಗೆ. ಅವುಗಳಿಗೆ ತಗುಲಿಕೊಂಡ ಹಾನಗಲ್ಲು ಹಿರೇಕೆರೂರುಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದವು. ಸವಣೂರು ೧೯೪೮ರವರೆಗೆ ನವಾಬರ ಸಂಸ್ಥಾನ. ಗೆರೆಯ ಆಚೆ ಲೆಕ್ಕ, ಗೆರೆಯ ಈಚೆ ಮೌನ. ೧೯೫೬ರ ನವೆಂಬರ್ ೧ರಂದು ಇವೆಲ್ಲ ಒಂದೇ ರಾಜ್ಯದೊಳಗೆ ಬಂದವು.

ಗೆರೆಗಳಳಿದ ಮರುವರ್ಷವೇ ಹಕ್ಕಿಗಳ ಲೆಕ್ಕಕ್ಕೆ ಅನಿರೀಕ್ಷಿತವಾದ ಮಹತ್ತ್ವ ಬಂದಿತು. ೧೯೫೭ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಕಾಡಿಗೆ ಹೋಗಿ ಬಂದ ಜನ ತೀವ್ರ ಜ್ವರದಿಂದ ಮಲಗಿದರು, ಸಾವುಗಳೂ ಆದವು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ರೋಗಾಣುವನ್ನು ಬೇರ್ಪಡಿಸಿ ನೋಡಿದಾಗ ಅದು ರಷ್ಯದ ಕಾಡುಗಳಲ್ಲಿ ಮಿದುಳುಜ್ವರ ತರುವ ರೋಗಾಣುವಿನ ಬಂಧುವಾಗಿತ್ತು. ಸಾವಿರಾರು ಮೈಲಿ ದೂರದ ಸೈಬೀರಿಯಕ್ಕೂ ಮಲೆನಾಡಿನ ಈ ಕಾಡಿಗೂ ಏನು ನಂಟು? ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಗಳ ಮೂಲಕ ರೋಗ ಬಂದಿರಬಹುದೇ? ಈ ಅನುಮಾನಕ್ಕೆ ಉತ್ತರ ಹೇಳಬಲ್ಲ ದಾಖಲೆ ದೇಶದಲ್ಲಿಯೇ ಇರಲಿಲ್ಲ. ಯಾವ ಹಕ್ಕಿ ಎಲ್ಲಿಂದ ಬರುತ್ತದೆ, ಯಾವಾಗ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದೇ ಖಚಿತವಾಗಿ ತಿಳಿದಿರಲಿಲ್ಲ.

ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಸಲೀಂ ಅಲಿಯವರ ನೇತೃತ್ವದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಡನೆ, ೧೯೫೯ರಿಂದ ಹಕ್ಕಿಗಳಿಗೆ ದೊಡ್ಡ ಪ್ರಮಾಣದಲ್ಲಿ ಉಂಗುರ ತೊಡಿಸುವ ಕೆಲಸಕ್ಕೆ ಕೈಹಾಕಿದ್ದು ಈ ಹಿನ್ನೆಲೆಯಲ್ಲಿ. ಸಿಕ್ಕಿದವರು ಸೊಸೈಟಿಗೆ ತಿಳಿಸಬೇಕೆಂಬ ಒಕ್ಕಣೆಯ ಪುಟ್ಟ ಲೋಹದುಂಗುರಗಳು ಭಾರತದ ವಲಸೆ ಹಕ್ಕಿಗಳ ದಾರಿಗಳನ್ನು ಒಂದೊಂದಾಗಿ ಬಿಡಿಸಿ ತೋರಿಸತೊಡಗಿದವು. ಹಕ್ಕಿಗಳ ಮೇಲಿನ ಆರೋಪ ಮಾತ್ರ ಸಿದ್ಧವಾಗಲಿಲ್ಲ. ಮಂಗನ ಕಾಯಿಲೆಯ ಸುತ್ತು ಕಾಡಿನ ಉಣ್ಣೆಗಳು, ಸಣ್ಣ ಪ್ರಾಣಿಗಳು ಮತ್ತು ಮಂಗಗಳ ನಡುವೆ ತಿರುಗುವಂಥದು ಎಂದು ತಿಳಿದುಬಂದಿತು. ಹಾನಗಲ್ಲಿನ ಗಡಿಗೆ ಅಂಟಿಕೊಂಡ ತಾಲೂಕಿನ ಜ್ವರವೊಂದು ದೇಶದ ಪಕ್ಷಿವಿಜ್ಞಾನಕ್ಕೆ ಕೊಟ್ಟ ಪಾಠ ಚಿಕ್ಕದಲ್ಲ: ಬೇಕಾದಾಗ ಬರೆದುಕೊಳ್ಳಲು ಹೊರಟರೆ ಹಿಂದಿನ ವರ್ಷಗಳು ಸಿಕ್ಕುವುದಿಲ್ಲ.

ಸಾಮಾನ್ಯವಾದುದು ಅಪರೂಪವಾದ ಬಗೆ

ಇದೇ ಜಿಲ್ಲೆಯ ರಾಣೆಬೆನ್ನೂರಿನ ಹುಲ್ಲುಗಾವಲು ಆ ಪಾಠದ ಇನ್ನೊಂದು ಪುಟ. ಎರೆಭೂತ ಎಂದು ಜನ ಕರೆಯುತ್ತಿದ್ದ, ಎದೆಯೆತ್ತರಕ್ಕೆ ನಿಲ್ಲುವ ಹೆಬ್ಬಕ್ಕಿ ಒಂದು ಕಾಲಕ್ಕೆ ದಖ್ಖನಿನ ಬಯಲಿನಲ್ಲಿ ಪರಿಚಿತವಾಗಿತ್ತು. ೧೯೭೪ರಲ್ಲಿ ರಾಣೆಬೆನ್ನೂರಿನಲ್ಲಿ ಅಭಯಾರಣ್ಯವಾದಾಗ ಕೃಷ್ಣಮೃಗದೊಂದಿಗೆ ಈ ಹಕ್ಕಿಗೂ ಅಲ್ಲಿ ಆಶ್ರಯವಿತ್ತು. ಹುಲ್ಲುಬಯಲನ್ನು ಬಂಜರೆಂದು ಬಗೆದು ನೀಲಗಿರಿ ನೆಡಲಾಗಿತ್ತು. ಕೃಷ್ಣಮೃಗ ಉಳಿಯಿತು, ಎರೆಭೂತ ಉಳಿಯಲಿಲ್ಲ. ಇಂದು ಕರ್ನಾಟಕದಲ್ಲಿ ಅದರ ಹೆಸರು ಕೇಳಿಬರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಮಾತ್ರ, ಅಲ್ಲಿಯೂ ಬೆರಳೆಣಿಕೆಯಷ್ಟು. ಯಾವ ಹಳ್ಳಿಯ ಹೊಲದಲ್ಲಿ ಅದು ಯಾವ ವರ್ಷ ಕೊನೆಯ ಸಲ ಕಂಡಿತೆಂದು ಬರೆದಿಟ್ಟವರಿಲ್ಲ. ನಿತ್ಯ ಕಾಣುವುದನ್ನು ಯಾರು ಬರೆಯುತ್ತಾರೆ? ಅಪರೂಪವಾದ ಮೇಲೆ ಬರೆಯಲು ಹೋದರೆ ಅದು ಸಿಕ್ಕುವುದಿಲ್ಲ.

ಸಣ್ಣ ಅತಿಥಿಗಳ ಪಾಡೂ ಮೆಲ್ಲಗೆ ಬದಲಾಗುತ್ತಿದೆ. ಹಾವೇರಿ ಜಿಲ್ಲೆ ಈಗ ರಾಜ್ಯದ ಮುಖ್ಯ ಗೋವಿನಜೋಳದ ಸೀಮೆ. ಬಿಳಿಜೋಳದ ಹೊಲಗಳು ಕುಗ್ಗಿವೆ. ಬಿಳಿಜೋಳದ ತೆನೆ ಬಯಲಿನಲ್ಲಿ ತೆರೆದುಕೊಂಡು ನಿಲ್ಲುತ್ತದೆ. ಕಬ್ಬಕ್ಕಿಗೆ ಅದು ಎಲೆ ಹಾಕಿ ಬಡಿಸಿದ ಊಟ. ಗೋವಿನಜೋಳದ ತೆನೆ ಸಿಪ್ಪೆಯೊಳಗೆ ಮುಚ್ಚಿಕೊಂಡಿರುತ್ತದೆ. ರೈತನಿಗೆ ಅದರಿಂದ ಅನುಕೂಲವೇ ಆಗಿದೆ, ಅವನನ್ನು ದೂರುವ ಮಾತಿಲ್ಲ. ಆದರೆ ಬೆಳೆ ಬದಲಾದುದರಿಂದ ಹಕ್ಕಿಗಳ ಸಂಖ್ಯೆ ಎಷ್ಟು ಬದಲಾಯಿತೆಂದು ಹೇಳಬೇಕಾದರೆ ಮೊದಲಿನ ಎಣಿಕೆ ಬೇಕು.

ಕೆರೆಗಳ ಮಾತೂ ಹಾಗೆಯೇ. ಹೂಳೆತ್ತುವುದು ಒಳ್ಳೆಯ ಕೆಲಸ. ಆದರೆ ಕೆರೆಯ ಅಂಚನ್ನು ಗೋಡೆಯಂತೆ ಕಡಿದು, ನಡುವನ್ನು ಬಾವಿಯಂತೆ ತೋಡಿದರೆ ನೀರು ನಿಲ್ಲುತ್ತದೆ, ಗದ್ದೆಗೊರವ ನಿಲ್ಲುವುದಿಲ್ಲ. ಒಂದು ಕಡೆಯಾದರೂ ಇಳಿಜಾರಾದ ದಂಡೆಯನ್ನು ಬಿಟ್ಟರೆ ದನಕರುಗಳು ಇಳಿದು ನೀರು ಕುಡಿಯುತ್ತವೆ, ಹಕ್ಕಿಯೂ ಬದುಕುತ್ತದೆ. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ, ಕೆಲಸ ಆರಂಭವಾಗುವ ಮುನ್ನ ಊರಿನವರು ಒಂದು ಮಾತು ಹೇಳಿದರೆ ಸಾಕು.

ಕ್ಯಾಲೆಂಡರಿನ ಮೂಲೆಯಲ್ಲಿ

೨೦೦೭ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ‘ಮೈಗ್ರೆಂಟ್ ವಾಚ್’ ಎಂಬ ಯೋಜನೆ ಆರಂಭವಾಯಿತು. ವಲಸೆ ಹಕ್ಕಿಗಳನ್ನು ಆ ವರ್ಷ ಮೊದಲ ಬಾರಿ ಕಂಡ ದಿನಾಂಕವನ್ನು ಬರೆದು ತಿಳಿಸಿರೆಂದು ಅದು ಸಾಮಾನ್ಯ ಜನರನ್ನು ಕೇಳಿಕೊಂಡಿತು. ಆಯ್ದುಕೊಂಡ ಹಕ್ಕಿಗಳಲ್ಲಿ ಬೂದು ಸಿಪಿಲೆ, ಅಂಬರಗುಬ್ಬಿ, ಗುಲಾಬಿ ಕಬ್ಬಕ್ಕಿಗಳಿದ್ದವು. ಎಲ್ಲ ಕಡೆ ಕಾಣುವ, ಸುಲಭವಾಗಿ ಗುರುತಿಸಬಹುದಾದ ಹಕ್ಕಿಗಳು. ಈಗ ಅಂತಹ ವರದಿಗಳು ‘ಇ-ಬರ್ಡ್’ ಎಂಬ ಜಾಗತಿಕ ದಾಖಲೆಗೆ ಸೇರುತ್ತವೆ. ಹವಾಮಾನ ಬದಲಾದಂತೆ ಹಕ್ಕಿಗಳ ಬರವು ಹಿಂದುಮುಂದಾಗುತ್ತಿದೆಯೇ ಎಂಬ ಪ್ರಶ್ನೆಗೆ ಉತ್ತರ ಕೊಡಬಲ್ಲವು ಇಂತಹ ಸಾವಿರಾರು ಸಣ್ಣ ಟಿಪ್ಪಣಿಗಳೇ.

ಹಾಲಿನವನು ಬಾರದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಮನೆಗಳಲ್ಲಿ ಸಿಪಿಲೆ ಬಂದ ದಿನವನ್ನು ಗುರುತು ಹಾಕುವುದು ಹೆಚ್ಚಿನ ಶ್ರಮವಲ್ಲ. ಮಕ್ಕಳು ಇದನ್ನು ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ. ಬರೆಯಬೇಕಾದುದು ನಾಲ್ಕೇ ಸಂಗತಿ: ದಿನಾಂಕ, ಸ್ಥಳ, ಎಷ್ಟು ಹಕ್ಕಿ, ಏನು ಮಾಡುತ್ತಿದ್ದವು. ಕಾಣದ ದಿನವನ್ನೂ ಬರೆದರೆ ಇನ್ನೂ ಒಳ್ಳೆಯದು. ‘ಹೋದೆವು, ನೋಡಿದೆವು, ಇರಲಿಲ್ಲ’ ಎಂಬ ಸಾಲಿಗೂ ಬೆಲೆಯುಂಟು.

ಅಪರೂಪದ ಹಕ್ಕಿ ಕಂಡಿತೆನಿಸಿದರೆ ಅವಸರ ಪಡಬಾರದು. ಪುಸ್ತಕ ತೆರೆಯುವ ಮೊದಲೇ ಕಂಡದ್ದನ್ನು ಬರೆದಿಡಬೇಕು. ಚಿತ್ರ ನೋಡಿದ ಮೇಲೆ ಕಣ್ಣು ಕಂಡದ್ದಕ್ಕಿಂತ ಮನಸ್ಸು ಬಯಸಿದ್ದೇ ಹೆಚ್ಚಾಗಿ ನೆನಪಾಗುತ್ತದೆ. ಗಾತ್ರವನ್ನು ಗುಬ್ಬಿ, ಗೊರವಂಕ, ಕಾಗೆಗಳಿಗೆ ಹೋಲಿಸಿ ಹೇಳಬೇಕು. ಅದೇ ರೂಪದ ಯಾವ ಸಾಮಾನ್ಯ ಹಕ್ಕಿ ಇರಬಹುದು, ಅದು ಏಕಲ್ಲ ಎಂಬುದನ್ನು ಕೇಳಿಕೊಳ್ಳಬೇಕು. ಕೈಯಲ್ಲಿನ ಫೋನಿನಿಂದ ಮಸುಕಾದ ಚಿತ್ರ ಸಿಕ್ಕರೂ ಅದು ಸಾಕ್ಷಿ. ಹಕ್ಕಿಯ ಬೆನ್ನಟ್ಟಿ ಹೋಗುವುದು ಮಾತ್ರ ಸಲ್ಲದು. ದೂರದಿಂದ ಬಂದು ಕೊಬ್ಬು ಕರಗಿ ದಣಿದ ಜೀವಕ್ಕೆ ಒಂದೊಂದು ಸಲ ಹಾರಿಸುವುದೂ ಒಂದೊಂದು ಹೊತ್ತಿನ ಊಟವನ್ನು ಕಸಿದಂತೆ.

ಉತ್ತರೆ ಕಳೆದು ಹಸ್ತ, ಚಿತ್ತೆಗಳು ಬರುತ್ತವೆ. ಶೀಗಿ ಹುಣ್ಣಿಮೆಯಂದು ರೈತರ ಮನೆಯವರು ಬಂಡಿಯೇರಿ ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲುವ ಹೊತ್ತಿಗೆ ಅಂಬರಗುಬ್ಬಿಗಳ ಸಾಲು ಉದ್ದವಾಗಿರುತ್ತದೆ, ಬೆಳೆಗಳ ಮೇಲೆ ತಗ್ಗಾಗಿ ತೇಲುವ ಸೆಳೆವಗಳು ಬಂದಿರುತ್ತವೆ. ಸ್ವಾತಿಯ ಸುಮಾರಿಗೆ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸವಣೂರಿನಿಂದ ಮೂಡಣಕ್ಕೆ, ಲಕ್ಷ್ಮೇಶ್ವರದ ಆಚೆಯ ಮಾಗಡಿ ಕೆರೆಗೆ ಇಳಿಯತೊಡಗುತ್ತವೆ. ೨೦೨೪ರಲ್ಲಿ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿದ ಆ ಕೆರೆಗೆ ನೋಡುವವರ ಕೊರತೆಯಿಲ್ಲ. ಅಲ್ಲಿಯ ಹೆಬ್ಬಾತುಗಳನ್ನು ಎಣಿಸುವವರೂ ಇದ್ದಾರೆ. ಹಾನಗಲ್ಲಿನ ಗದ್ದೆಯ ಬದುವಿನಲ್ಲಿ, ಹಿರೇಕೆರೂರಿನ ಕೆರೆಯಂಚಿನಲ್ಲಿ ಹುಬ್ಬೆ ಮಳೆಯಲ್ಲೇ ಬಂದಿಳಿದ ಒಂಟಿ ಹಕ್ಕಿಯನ್ನು ಎಣಿಸಲು ಆ ಊರಿನವರೇ ಬೇಕು. ಅದಕ್ಕೆ ಈ ವಾರವೇ ತಕ್ಕ ಸಮಯ.